ಕುಲಾವಿಗಾಗಿ ಕೂಸು

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡು ನಮ್ಮ ಗಾದೆ ನಗುತ್ತದೆ. ಆ ನಗೆಯಲ್ಲಿ ನಾನು ಎಂದೂ ಪೂರ್ಣಮನಸ್ಸಿನಿಂದ ಪಾಲ್ಗೊಂಡವನಲ್ಲ. ಬಸುರಿಯ ತವರಿನಲ್ಲಿ ಮುದುಕಿಯೊಬ್ಬಳು ಹಳೆಯ ಇಳಕಲ್ಲ ಸೀರೆಯ ಸೆರಗನ್ನು ಕತ್ತರಿಸಿ, ಸೂಜಿಯ ಕಣ್ಣು ಕಾಣದೆ ಮೊಮ್ಮಗಳಿಂದ ದಾರ ಪೋಣಿಸಿಕೊಂಡು, ಇನ್ನೂ ಮುಖ ತೋರದ ಜೀವವೊಂದರ ತಲೆಯ ಅಳತೆಯನ್ನು ಅಂದಾಜಿನ ಮೇಲೆಯೇ ಹಿಡಿದು ಹೊಲಿಯುತ್ತ ಕುಳಿತಿದ್ದರೆ, ಅದರಲ್ಲಿ ಹಾಸ್ಯಾಸ್ಪದವಾದುದೇನೂ ನನಗೆ ಕಂಡದ್ದಿಲ್ಲ. ಮನುಷ್ಯನ ದೂರದೃಷ್ಟಿಗೆ ಅಷ್ಟು ಸೌಜನ್ಯವಿದ್ದರೆ ಸಾಕೆಂದೇ ಅನ್ನಿಸಿದೆ. ಆದರೆ ಕುಲಾವಿಗಳನ್ನು ಮೊದಲು ರಾಶಿ ಹಾಕಿಕೊಂಡು, ಇಷ್ಟೊಂದು ಬರಿದಾಗಿ ಬಿದ್ದಿವೆಯಲ್ಲಾ, ಇವನ್ನು ತುಂಬುವಷ್ಟು ತಲೆಗಳು ಹುಟ್ಟಿ ಬರಬೇಕಲ್ಲಾ ಎಂದು ಮರುಗುವವನೊಬ್ಬನು ಬಂದರೆ ಗಾದೆ ಏನೆಂದೀತು? ಅಂಥವನಿಗೆಂದು ನಮ್ಮ ಹಿರಿಯರು ಗಾದೆಯನ್ನು ಕಟ್ಟಿಡಲಿಲ್ಲ. ಅಂಥವನೂ ಬಂದಾನೆಂದು ಅವರು ಎಣಿಸಿರಲಾರರು.

ಬಂದಿದ್ದಾನೆ, ಅವನು ನನ್ನ ಅಕ್ಕನ ಮಗನೇ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಈ ಹುಡುಗ ತನ್ನ ಗಳಿಕೆಯ ಹತ್ತರಲ್ಲೊಂದು ಪಾಲನ್ನು ತಿಂಗಳು ತಪ್ಪದೆ ದಾನಕ್ಕೆ ಎತ್ತಿಡುತ್ತಾನೆ; ಆಫ್ರಿಕಾದ ಮಕ್ಕಳಿಗೆ ಸೊಳ್ಳೆಪರದೆ ಕೊಡಿಸುತ್ತಾನೆ; ಜಾತ್ರೆಯ ಪಟ್ಟಿಗೂ ಚೌಕಾಸಿ ಮಾಡುವ ನಮ್ಮಂಥವರ ಎದುರಿಗೆ ಅವನು ತಲೆಯೆತ್ತಿ ನಿಲ್ಲಬಲ್ಲವನು. ಕಳೆದ ದೀಪಾವಳಿಗೆ ಬಂದಾಗ ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಚಹದ ಬಟ್ಟಲನ್ನು ಪಕ್ಕಕ್ಕಿಟ್ಟು, "ಮಾಮಾ, ಈಗ ಬದಕಿದವ್ರು ಎಂಟನೂರು ಕೋಟಿ. ಮುಂದ ಹುಟ್ಟೋರು ಲಕ್ಷ ಕೋಟಿ, ಅದಕ್ಕೂ ಹೆಚ್ಚು ಆಗಬಹುದು. ಲೆಕ್ಕಾ ಹಾಕಿ ನೋಡ್ರಿ, ಅವರೆಲ್ಲಾ ಹುಟ್ಟೂಹಂಗ ನೋಡಿಕೊಳ್ಳೂದs ಎಲ್ಲಾದಕ್ಕಿಂತ ದೊಡ್ಡ ಪುಣ್ಯಾ" ಎಂದ. ಮೂವತ್ತು ವರ್ಷ ತರ್ಕಶಾಸ್ತ್ರವನ್ನು ಕಲಿಸಿ ನಿವೃತ್ತನಾದ ನನಗೆ ಆ ಕ್ಷಣದಲ್ಲಿ ತಕ್ಕ ಉತ್ತರ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಂಡೇ ಮುಂದುವರಿಯುತ್ತೇನೆ.

ಈ ಮತವು ಅವನ ಸ್ವಕಪೋಲಕಲ್ಪಿತವಲ್ಲ. 1874ರಲ್ಲಿ ಇಂಗ್ಲೆಂಡಿನ ಹೆನ್ರಿ ಸಿಜ್‌ವಿಕ್ ತನ್ನ ನೀತಿಗ್ರಂಥದಲ್ಲಿ ಜನಸಂಖ್ಯೆಯು ಎಲ್ಲಿಯವರೆಗೆ ಬೆಳೆಯುವುದು ಯುಕ್ತವೆಂದು ಕೇಳಿಕೊಂಡು, ಒಬ್ಬೊಬ್ಬನ ಸರಾಸರಿ ಸುಖವು ಪರಮಾವಧಿಯನ್ನು ಮುಟ್ಟುವಲ್ಲಿಗೆ ನಿಲ್ಲದೆ, ತಲೆಗಳ ಸಂಖ್ಯೆಯನ್ನೂ ಸರಾಸರಿ ಸುಖವನ್ನೂ ಗುಣಿಸಿದ ಲಬ್ಧವು ಪರಮಾವಧಿಯನ್ನು ಮುಟ್ಟುವವರೆಗೆ ಎಂದು ಉತ್ತರ ಹೇಳಿದ. ಇದನ್ನು ಮೊತ್ತವಾದವೆಂದು ಕರೆಯೋಣ. ನೂರಹತ್ತು ವರ್ಷಗಳ ತರುವಾಯ, 1984ರಲ್ಲಿ, ಆಕ್ಸ್‌ಫರ್ಡಿನ ಡೆರೆಕ್ ಪಾರ್ಫಿಟ್ ಈ ವಾದದ ಹೊಟ್ಟೆಯೊಳಗಿದ್ದುದನ್ನು ಹೊರಗೆ ತೆಗೆದು ತೋರಿಸಿದ: ಸಾವಿರ ಕೋಟಿ ಜನರು ಸುಖಸಮೃದ್ಧಿಯಿಂದ ಬಾಳುವ ಲೋಕ ಯಾವುದೇ ಇರಲಿ, ಅದಕ್ಕಿಂತ ಮೇಲಾದುದೆಂದು ಈ ಲೆಕ್ಕವು ಸಾರಲೇಬೇಕಾದ ಮತ್ತೊಂದು ಲೋಕವುಂಟು, ಅಲ್ಲಿ ಜನರು ಎಣಿಕೆಗೆ ಮೀರಿದಷ್ಟಿದ್ದು, ಒಬ್ಬೊಬ್ಬನ ಬಾಳೂ ಸಾಯುವುದಕ್ಕಿಂತ ಎಳ್ಳುಕಾಳಿನಷ್ಟು ಮೇಲು, ಅಷ್ಟೇ. ಜುಗುಪ್ಸೆ ಹುಟ್ಟಿಸುವ ನಿಷ್ಕರ್ಷೆಯೆಂದು ಆತನೇ ಅದಕ್ಕೆ ಹೆಸರಿಟ್ಟ. ಅದರಿಂದ ಪಾರಾಗುವ ಸಿದ್ಧಾಂತವೊಂದನ್ನು ಕೊನೆಯವರೆಗೂ ಅರಸಿ, ಎಲ್ಲರೂ ಒಪ್ಪುವಂಥದನ್ನು ಕಾಣದೆ 2017ರಲ್ಲಿ ತೀರಿಕೊಂಡ. ಈಚೆಗೆ, 2021ರಲ್ಲಿ, ಮೂವತ್ತರ ಸುಮಾರು ವಿದ್ವಾಂಸರು ಒಟ್ಟಾಗಿ ಸಹಿಹಾಕಿ, ಸಿದ್ಧಾಂತವೊಂದು ಈ ನಿಷ್ಕರ್ಷೆಗೆ ಬಂದು ಮುಟ್ಟಿತೆಂಬಷ್ಟರಿಂದಲೇ ಅದನ್ನು ಕೈಬಿಡಬೇಕಾಗಿಲ್ಲವೆಂದು ಪ್ರಕಟಿಸಿದರು. ಔಷಧಿ ದೊರೆಯದಾದಾಗ ರೋಗವನ್ನೇ ಆರೋಗ್ಯವೆಂದು ಘೋಷಿಸುವ ವೈದ್ಯರನ್ನು ನಾನು ಹಿಂದೆಯೂ ಕಂಡಿದ್ದೇನೆ.

ಸಿದ್ಧಾಂತವು ಗ್ರಂಥಗಳಲ್ಲಿಯೇ ಇದ್ದಿದ್ದರೆ ಯಾರ ಗಂಟೇನು ಹೋಗುತ್ತಿತ್ತು? ಅದು ದಾನಿಗಳ ಕೈಗೆ ಬಂದಿದೆ. 2003ರಲ್ಲಿ ನಿಕ್ ಬೋಸ್ಟ್ರಾಂ ಎಂಬಾತ, ಮನುಷ್ಯರು ನಕ್ಷತ್ರಲೋಕಗಳಲ್ಲಿ ನೆಲೆಯೂರುವುದು ಒಂದೊಂದು ಕ್ಷಣ ತಡವಾದಂತೆಯೂ ಹುಟ್ಟಬಹುದಾಗಿದ್ದ ಅಗಣಿತ ಜೀವಗಳು ನಷ್ಟವಾಗುತ್ತಿವೆಯೆಂದು ಲೆಕ್ಕ ಬರೆದ. 2022ರಲ್ಲಿ ವಿಲಿಯಂ ಮಕಾಸ್ಕಿಲ್ ಭವಿಷ್ಯಕ್ಕೆ ನಾವು ಸಲ್ಲಿಸಬೇಕಾದ ಋಣವನ್ನು ಕುರಿತು ಬರೆದ ಪುಸ್ತಕದಲ್ಲಿ, ಸುಖವಾಗಿ ಬಾಳಬಲ್ಲ ಹೊಸ ಜೀವಗಳು ಲೋಕಕ್ಕೆ ಬರುವುದು ತನ್ನಷ್ಟಕ್ಕೆ ತಾನೇ ಒಂದು ಒಳಿತೆಂಬ ಪಕ್ಷವನ್ನು ವಹಿಸಿದ. ಅದಕ್ಕೂ ಬಹು ಹಿಂದೆ, 1973ರಲ್ಲಿ, ಯಾನ್ ನಾರ್ವೆಸನ್ ಎಂಬ ತತ್ತ್ವಜ್ಞ, ಇರುವವರನ್ನು ಸುಖಿಗಳನ್ನಾಗಿಸುವುದು ನಮ್ಮ ಕರ್ತವ್ಯ, ಸುಖಿಗಳನ್ನು ತಯಾರಿಸುವುದಲ್ಲವೆಂದು ಸ್ಪಷ್ಟವಾಗಿ ಹೇಳಿದ್ದುಂಟು. ಆದರೆ ಪರೋಪಕಾರವನ್ನೇ ವ್ರತವಾಗಿ ಹಿಡಿದ ಈ ಹೊಸ ಪಂಥದಲ್ಲಿ ಮಾತು ನಡೆಯುವುದು ಬಹಳವಾಗಿ ಮೊತ್ತವಾದಿಗಳದೇ. ಎದುರು ಪಕ್ಷದವರನ್ನು ಗಣಿತ ಬಾರದ ಭಾವುಕರೆಂದು ಕನಿಕರದಿಂದ ನೋಡುವುದು ಅಲ್ಲಿಯ ವಾಡಿಕೆ.

ನಾನು ಖಂಡಿಸಹೊರಟಿರುವುದು ಆ ಗಣಿತವನ್ನು. ಮತ್ತು ಅದಕ್ಕಿಂತಲೂ ಹೆಚ್ಚಾಗಿ, ಅದು ಪರದೇಶದ ಹೊಸ ಸರಕೆಂಬ ಭ್ರಮೆಯನ್ನು. ತಲೆಯೆಣಿಸುವ ಆ ಅಭ್ಯಾಸ ನಮ್ಮ ಮನೆಯೊಳಗಿನದೇ. ಪಿತೃಋಣವು ಸಂತಾನದಿಂದಲೇ ತೀರತಕ್ಕದ್ದೆಂದು ವೈದಿಕರು ಹೇಳಿದರು. ಮದುವಣಗಿತ್ತಿಗೆ ಅಷ್ಟಪುತ್ರವತಿಯಾಗೆಂಬ ಹರಕೆ ಸಂದಿತು. ಎಂಟರಲ್ಲಿ ಉಳಿಯುವುದು ಮೂರೆಂಬ ಕಾಲದಲ್ಲಿ ಆ ಹರಕೆಗೆ ಅರ್ಥವೂ ಇತ್ತೆನ್ನಿ. ಮಕ್ಕಳು ಹೆಚ್ಚಾದವೆಂದು ಯಾರಾದರೂ ಅಂಜಿದರೆ, ಹುಟ್ಟಿಸಿದ ದೇವರು ಹುಲ್ಲು ಮೇಯಿಸಿಯಾನೇ ಎಂಬ ಸಮಾಧಾನ ಸಿದ್ಧವಾಗಿರುತ್ತಿತ್ತು. ಹುಲ್ಲೂ ಸಿಕ್ಕದೆ ಸತ್ತ ಮಕ್ಕಳು ಆ ಗಾದೆಗೆ ಪ್ರತ್ಯುತ್ತರ ಕೊಡಲು ಬದುಕಿರಲಿಲ್ಲ.

ಆಮೇಲೆ ಗಾಳಿ ತಿರುಗಿತು. 1930ರಲ್ಲಿ ಮೈಸೂರು ಸಂಸ್ಥಾನವು ಸಂತತಿನಿಯಮನದ ಚಿಕಿತ್ಸಾಲಯಗಳನ್ನು ಸರ್ಕಾರದ ವತಿಯಿಂದಲೇ ತೆರೆಯಿತು. ಸರ್ಕಾರವೊಂದು ಅಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲಿಯೇ ಅದು ಮೊದಲೆನ್ನುತ್ತಾರೆ. ಬೆಳಗಾವಿ ಆಗ ಮುಂಬಯಿ ಇಲಾಖೆಯಲ್ಲಿದ್ದುದರಿಂದ ನಮ್ಮ ಕಡೆಯ ಹೆಂಗಸರಿಗೆ ಆ ಅನುಕೂಲ ದೊರೆಯಲಿಲ್ಲ. ಬೇಡಿ ಬಂದ ಹೆಂಗಸಿಗೆ ಬೇಕಾದ ಉಪಾಯವನ್ನು ತಿಳಿಸಿಕೊಡುವ ಆ ಕೆಲಸವನ್ನು ನಾನು ಪುಣ್ಯಕಾರ್ಯವೆಂದೇ ಬಗೆಯುತ್ತೇನೆ. ಆದರೆ ದಿನ ಕಳೆದಂತೆ ಹೆಂಗಸು ಮರೆಯಾಗಿ ಅಂಕಿಯು ಮುಂದೆ ಬಂದಿತು. ಐವತ್ತರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ರಾಮನಗರದಲ್ಲಿ ಪ್ರಯೋಗವೊಂದು ನಡೆಯಿತು. ಮಾಸದ ಯಾವ ದಿನ ಕ್ಷೇಮ, ಯಾವ ದಿನ ಅಲ್ಲ ಎಂಬುದನ್ನು ತಿಳಿಯಲು ಬಣ್ಣಬಣ್ಣದ ಮಣಿಗಳ ಸರವನ್ನು ಹೆಂಗಸರ ಕೈಗೆ ಕೊಟ್ಟರು. ಗಂಡನನ್ನು ದೂರವಿಡುವ ಅಧಿಕಾರವನ್ನು ಮಾತ್ರ ಯಾರೂ ಪೋಣಿಸಿ ಕೊಡಲಿಲ್ಲವಾದ್ದರಿಂದ ಮಣಿಗಳು ಸೋತವು. ಬಳಿಕ ಗೋಡೆಗೋಡೆಯ ಮೇಲೂ ಕೆಂಪು ತ್ರಿಕೋನ, ನಾವಿಬ್ಬರು ನಮಗಿಬ್ಬರು, ಆರತಿಗೊಂದು ಕೀರ್ತಿಗೊಂದು. ಅದರ ಬೆನ್ನಿಗೆ 1975ರ ತುರ್ತುಪರಿಸ್ಥಿತಿ. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಮಿಕ್ಕು ಸಂತಾನಹರಣ ಶಸ್ತ್ರಕ್ರಿಯೆಗಳು ನಡೆದವು. ಖಾನಾಪುರದ ಕಡೆ ಕನ್ನಡ ಶಾಲೆಯ ಮಾಸ್ತರರಾಗಿದ್ದ ನನ್ನ ಹಿರಿಯ ಬಂಧುವೊಬ್ಬರು ಆ ವರ್ಷ ಮಳೆಯಲ್ಲಿ ಕೊಡೆ ಹಿಡಿದು ವಾಡಿಯಿಂದ ವಾಡಿಗೆ 'ಕೇಸು' ಹುಡುಕುತ್ತ ಅಲೆದರು. ಮಗ್ಗಿ ಕಲಿಸಿದ ಹುಡುಗರ ತಂದೆಯರನ್ನೇ ಅವರು ಕೇಸೆಂದು ಕರೆಯಬೇಕಾಗಿತ್ತು. ಅದನ್ನು ಹೇಳುವಾಗಲೆಲ್ಲ ಮುದುಕರು ಕೈಯಲ್ಲಿನ ಅಡಕೊತ್ತನ್ನು ಕೆಳಗಿಡುತ್ತಿದ್ದರು. 1977ರಲ್ಲಿ ಜನರು ಆ ಸರ್ಕಾರವನ್ನು ಕೆಡವಿದರು, ಇಲಾಖೆಯು ಕುಟುಂಬ ಯೋಜನೆಯೆಂಬ ಹೆಸರನ್ನು ಬಿಟ್ಟು ಕುಟುಂಬ ಕಲ್ಯಾಣವಾಯಿತು, ಗಂಡಸರು ಶಸ್ತ್ರಕ್ರಿಯೆಯ ಮೇಜಿನಿಂದ ಎದ್ದುಹೋದರು. ಅವರ ಜಾಗದಲ್ಲಿ ಹೆಂಗಸರನ್ನು ಮಲಗಿಸಿದರು. 2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಶಿಬಿರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ತಾಯಂದಿರು ಸತ್ತ ಮೇಲೆ, 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಬೇಕೆಂದು ಆಜ್ಞೆಯಿತ್ತಿತು.

ಈಗ ನೋಡಿರಿ, ಗಾಳಿ ಮತ್ತೆ ತಿರುಗಿದೆ. ಕರ್ನಾಟಕದಲ್ಲಿ ಹೆಣ್ಣೊಬ್ಬಳ ಹೆರಿಗೆಗಳ ಸರಾಸರಿ 2019-21ರ ಹೊತ್ತಿಗೆ 1.7ಕ್ಕೆ ಇಳಿದಿತ್ತು. ಲೋಕಸಭೆಯ ಸ್ಥಾನಗಳನ್ನು 1971ರ ಜನಗಣತಿಗೆ ಕಟ್ಟಿಹಾಕಿದ್ದ ಗಂಟು ಸಡಿಲಾಗುವ ಕಾಲ ಬಂದಿದೆ. ಕೇಂದ್ರದ ತೆರಿಗೆಯಲ್ಲಿ ಹದಿನಾಲ್ಕನೆಯ ಹಣಕಾಸು ಆಯೋಗವು ಕೊಡಮಾಡಿದ್ದ ನಮ್ಮ ಪಾಲು 4.713 ಶೇಕಡಾ ಇದ್ದುದು ಹದಿನೈದನೆಯ ಆಯೋಗದಲ್ಲಿ 3.647ಕ್ಕೆ ಕುಸಿಯಿತು. ಹೇಳಿದಂತೆ ಕೇಳಿದವರಿಗೆ ದಂಡ ಬಿದ್ದಿತೆಂಬ ಕೊರಗಿನಲ್ಲಿ ನ್ಯಾಯವುಂಟು. ಆದರೆ ಪರಿಹಾರವೇನಂತೆ? 2024ರಲ್ಲಿ ಆಂಧ್ರದ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳನ್ನು ಹಡೆಯಿರೆಂದರು; ತಮಿಳುನಾಡಿನ ಅಂದಿನ ಮುಖ್ಯಮಂತ್ರಿಗಳು ಸಾಮೂಹಿಕ ವಿವಾಹದ ಮಂಟಪದಲ್ಲಿ ನಿಂತು ಹದಿನಾರು ಮಕ್ಕಳನ್ನೇಕೆ ಹಡೆಯಬಾರದೆಂದು ಅರೆವಿನೋದದಿಂದ ಕೇಳಿದರು; ನಾಗಪುರದಿಂದ ಸಂಘದ ಸರಸಂಘಚಾಲಕರು ಮೂರಾದರೂ ಬೇಕೆಂದು ತಿಳಿಸಿದರು. ಐವತ್ತು ವರ್ಷಗಳ ಹಿಂದೆ ಮಾಸ್ತರರನ್ನು ವಾಡಿಗಟ್ಟಿದವರಿಗೂ ಇವರಿಗೂ ಪರಸ್ಪರ ವಿರೋಧವಿದೆಯೆಂದು ಜನರು ತಿಳಿಯುತ್ತಾರೆ. ನನಗೆ ಅದು ಕಾಣುತ್ತಿಲ್ಲ. ಒಬ್ಬನು ಕೂಡಿಸುತ್ತಾನೆ, ಒಬ್ಬನು ಕಳೆಯುತ್ತಾನೆ. ಪಾಟಿಯೊಂದೇ, ಬಳಪವೊಂದೇ, ಬರೆಯುವ ಕೈಗೆ ಬರೆಯಿಸಿಕೊಳ್ಳುವವರ ಮೇಲಿರುವ ತಾತ್ಸಾರವೂ ಒಂದೇ. ನಕ್ಷತ್ರಲೋಕದ ಲೆಕ್ಕಿಗನು ಇವರಿಗಿಂತ ಸಜ್ಜನನು, ಬಲಾತ್ಕಾರವನ್ನು ಎಂದೂ ಒಪ್ಪದವನು, ಅಷ್ಟೇ ಭೇದ. ಇವರೆಲ್ಲರ ಕಣ್ಣಿಗೂ ಮನುಷ್ಯನೆಂದರೆ ಒಂದು ಪಾತ್ರೆ: ಸುಖವನ್ನೋ, ಮತವನ್ನೋ, ತೆರಿಗೆಯನ್ನೋ ತುಂಬಿಡತಕ್ಕ ಪಾತ್ರೆ, ಪಾತ್ರೆಗಳು ಹೆಚ್ಚಿದ್ದರೆ ತುಂಬುವುದೂ ಹೆಚ್ಚು, ಅಥವಾ ಕಡಿಮೆಯಿದ್ದರೆ ಒಂದೊಂದರಲ್ಲೂ ಮಟ್ಟ ಮೇಲು.

ನಮ್ಮ ಬಡಾವಣೆಗೆ ತಮ್ಮ ಹೆಸರನ್ನು ಬಿಟ್ಟುಹೋದ ಶಿವಬಸವ ಸ್ವಾಮಿಗಳ ಲೆಕ್ಕ ಬೇರೆಯಾಗಿತ್ತು. ನಾಗನೂರು ರುದ್ರಾಕ್ಷಿಮಠದ ಆ ಸ್ವಾಮಿಗಳು ಬೆಳಗಾವಿಯಲ್ಲಿ ಪ್ರಸಾದನಿಲಯವನ್ನು ನಡೆಸಿ, ಓದಲೆಂದು ಹಳ್ಳಿಗಳಿಂದ ಬಂದ ಬಡ ಹುಡುಗರಿಗೆ ಊಟವನ್ನೂ ಆಶ್ರಯವನ್ನೂ ಉಚಿತವಾಗಿ ಇತ್ತವರು. ಈ ಸೀಮೆಯಲ್ಲಿ ಅಲ್ಲಿ ಉಂಡು ಮೇಲೆ ಬಂದವರ ಮನೆಗಳು ಬೀದಿಗೊಂದಾದರೂ ಸಿಕ್ಕಾವು. ದಾಸೋಹದ ಒಲೆಯ ಮುಂದೆ ನಿಂತವನ ಮನಸ್ಸನ್ನು ಸ್ವಲ್ಪ ಊಹಿಸಿ ನೋಡಿರಿ. ನಸುಕಿನಲ್ಲಿ ಅವನು ಜೋಳದ ಹಿಟ್ಟನ್ನು ನಾದುವಾಗ ಮಧ್ಯಾಹ್ನದ ಪಂಕ್ತಿಯಲ್ಲಿ ಕೂಡುವವರು ಯಾರೆಂಬುದು ಅವನಿಗೆ ತಿಳಿಯದು. ರಾಮದುರ್ಗದವನೋ ರಾಯಬಾಗದವನೋ, ಇವತ್ತೇ ಟ್ರಂಕು ಹೊತ್ತು ಬಸ್ಸಿನಿಂದ ಇಳಿದವನೋ. ತಿಳಿಯದೆಂದು ಅವನು ಅಡುಗೆಯನ್ನು ಕೆಡಿಸುವುದಿಲ್ಲ. ಬರುವವರಿಗಾಗಿ ನುಚ್ಚಿನಲ್ಲಿಯ ಕಲ್ಲನ್ನು ಆರಿಸುತ್ತಾನೆ. ಆದರೆ ಸಾರು ಉಳಿದೀತೆಂಬ ಭಯದಿಂದ ಬೀದಿಗಿಳಿದು, ಉಣ್ಣುವ ಬಾಯಿಗಳನ್ನು ಉತ್ಪತ್ತಿಮಾಡುವ ಉಪಾಯವನ್ನು ಅವನು ಹುಡುಕುವನೇ? ಬಂದಿರದ, ಬರುವ ಸಂಭವವೂ ಇಲ್ಲದ, ಎಲ್ಲಿಯೂ ಇಲ್ಲದ ಅತಿಥಿಗಳು ಇಂದು ಹಸಿದು ಹಿಂದಿರುಗಿದರೆಂದು ಲೆಕ್ಕದ ಪುಸ್ತಕದಲ್ಲಿ ನಷ್ಟ ಬರೆಯುವನೇ? ಹಾಗೆ ಬರೆದರೆ ಮಠದವರು ಅವನನ್ನು ಒಲೆಯ ಬಳಿಯಿಂದ ಎಬ್ಬಿಸಿ ಗಾಳಿಗೆ ಕೂಡಿಸಿಯಾರು.

ಬಲ್ಲವರು ಇಲ್ಲಿ ತಡೆದು ಒಂದು ಗಟ್ಟಿಯಾದ ಆಕ್ಷೇಪವನ್ನು ಒಡ್ಡುತ್ತಾರೆ, ಅದೂ ಪಾರ್ಫಿಟ್ಟನದೇ. ನೀನು ಇರುವ ವ್ಯಕ್ತಿಗೆ ಮಾತ್ರ ಕರ್ತವ್ಯವುಂಟೆನ್ನುವವನಾದರೆ, ಮುಂದಿನವರಿಗಾಗಿ ಕಾಡನ್ನು ಉಳಿಸು ನೀರನ್ನು ಉಳಿಸು ಎಂದು ಹೇಳುವ ಬಾಯಿ ನಿನಗೆಲ್ಲಿದೆ? ನಾವು ಕಾಡು ಕಡಿದರೆ ಜನರ ನೆಲೆ ಬೇರೆಯಾಗುತ್ತದೆ, ಸಂಬಂಧಗಳು ಬೇರೆಯಾಗುತ್ತವೆ, ಮದುವೆಗಳೂ ಬಸಿರುಗಳೂ ಬೇರೆಯಾಗುತ್ತವೆ. ನೂರೈವತ್ತು ವರ್ಷಗಳ ಮೇಲೆ ಬರಡು ನೆಲದಲ್ಲಿ ಹುಟ್ಟಿದವನು, ಕಾಡು ಉಳಿದಿದ್ದರೆ ಹುಟ್ಟುತ್ತಲೇ ಇರಲಿಲ್ಲ. ತನಗೆ ಬದುಕನ್ನೇ ಕೊಟ್ಟ ಪಾಪದ ಮೇಲೆ ಅವನು ಹೇಗೆ ದೂರುವನು? ಈ ಆಕ್ಷೇಪದ ಮುಂದೆ ವ್ಯಕ್ತಿವಾದಿಗಳು ಅನೇಕರು ಶರಣಾಗಿ ಮೊತ್ತವಾದಕ್ಕೆ ಸೇರಿದ್ದುಂಟು. ಖಾನಾಪುರ ತಾಲೂಕಿನ ಕಣಕುಂಬಿಗೆ ಒಮ್ಮೆ ಹೋಗಿ ಬಂದಿದ್ದರೆ ಅಷ್ಟು ಬೇಗ ಶರಣಾಗುತ್ತಿರಲಿಲ್ಲವೇನೋ. ಅಲ್ಲಿ ಮಾವುಲಿಯ ಗುಡಿಯ ಬಳಿ ಮಲಪ್ರಭೆ ಹುಟ್ಟುತ್ತಾಳೆ. ಸವದತ್ತಿಯ ಬಳಿ ನವಿಲುತೀರ್ಥದ ಕಟ್ಟೆಗೆ ನಿಂತು, ಬಯಲುಸೀಮೆಯ ಹೊಲಗಳಿಗೆ ಹಂಚಿಹೋಗಿ, ಉಳಿದುದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮೂಲದಲ್ಲಿ ಕೈ ತೊಳೆಯುವವನು ಕೆಳಗಿನ ಊರುಗಳಲ್ಲಿ ಕುಡಿಯುವವರ ಹೆಸರನ್ನು ಬಲ್ಲನೇ? ನೀರನ್ನು ಕೆಡಿಸಬಾರದೆಂಬ ಕಟ್ಟಳೆಗೆ ಹೆಸರು ಬೇಡ. ಯಾರೋ ಒಬ್ಬರು ಕುಡಿದೇ ಕುಡಿಯುವರೆಂಬ ನಿಶ್ಚಯ ಸಾಕು. ಕರ್ತವ್ಯವು ಇಂಥ ದೇವದತ್ತನಿಗೆ ಎಂದು ಅಲ್ಲ, ಬಂದು ಎಲೆಯ ಮುಂದೆ ಕೂಡುವವನಿಗೆ ಎಂದು. ಅವನು ಯಾರೇ ಆಗಲಿ, ಹಳಸಿದ ಅನ್ನವನ್ನು ಬಡಿಸಿದರೆ ದೂರುವ ಅಧಿಕಾರ ಅವನಿಗುಂಟು. ನಿನ್ನೆ ಬೇರೆ ಅನ್ನ ಮಾಡಿದ್ದರೆ ಇಂದು ಬೇರೊಬ್ಬ ಬರುತ್ತಿದ್ದ ಎಂಬ ಸಮಜಾಯಿಷಿ ಯಾವ ಪಂಕ್ತಿಯಲ್ಲಿಯೂ ನಡೆಯದು. ತರ್ಕದ ಇಡೀ ಕಗ್ಗಂಟು ವ್ಯಕ್ತಿಯನ್ನೂ ಅವನ ಸ್ಥಾನವನ್ನೂ ಬೆರಸಿದ್ದರಿಂದ ಬಿದ್ದದ್ದು.

ಇನ್ನೊಂದು ಆಕ್ಷೇಪಕ್ಕೆ ನನ್ನ ಉತ್ತರ ಇಷ್ಟು ಸರಾಗವಾಗಿಲ್ಲ. ದುಃಖಮಯವಾಗಲಿರುವ ಬಾಳು ಹುಟ್ಟದಿರುವುದೇ ಲೇಸೆಂದು ಒಪ್ಪುವ ನೀನು, ಸುಖಮಯವಾಗಲಿರುವ ಬಾಳು ಹುಟ್ಟುವುದು ಲೇಸೆಂದು ಏಕೆ ಒಪ್ಪಲೊಲ್ಲೆ? ಹಳಸಿದ್ದನ್ನು ಉಂಡವನು ದೂರಲು ಇದ್ದಾನೆ, ಕರೆಯದೇ ಉಳಿದವನು ದೂರಲು ಇಲ್ಲ, ಎನ್ನುತ್ತೇನೆ. ಹಾಗಾದರೆ ಒಲೆಯನ್ನೇ ಹಚ್ಚದ ಮಠವು ಎಲ್ಲಕ್ಕಿಂತ ನಿರ್ದೋಷವಾದದ್ದಾಯಿತಲ್ಲ ಎಂದು ಎದುರಾಳಿ ಚುಚ್ಚುತ್ತಾನೆ. ಚುಚ್ಚು ತಾಗುತ್ತದೆ. ದೂರಿಲ್ಲದಿರುವುದೇ ಧರ್ಮದ ಸರ್ವಸ್ವವಲ್ಲವೆಂದೂ, ಮಕ್ಕಳನ್ನು ಹೆತ್ತು ಬೆಳೆಸುವವರು ಲೋಕದ ಮೊತ್ತಕ್ಕೆ ಕಾಣಿಕೆ ಹಾಕಲು ಹೆರುವುದಿಲ್ಲವೆಂದೂ, ಅವರ ಆಸೆಯು ಇರುವವರ ಆಸೆಯಾದ್ದರಿಂದ ನಮ್ಮ ಗಣನೆಗೆ ಬರುತ್ತದೆಂದೂ ನಾನು ಹೇಳಬಲ್ಲೆ; ಹೇಳಿಯೂ ಒಂದು ಎಳೆ ಕೈಗೆ ಸಿಕ್ಕದೆ ಉಳಿಯುತ್ತದೆ. ಆದರೆ ಒಂದು ಎಳೆ ಬಿಚ್ಚಿದೆಯೆಂದು ಧೋತರವನ್ನೇ ಎಸೆದು ಎದುರಾಳಿಯ ಜುಗುಪ್ಸೆಯ ಕೌಪೀನವನ್ನು ಉಡಬೇಕಾದ ಅಗತ್ಯ ನನಗೆ ತೋರದು.

ಒಳಿತನ್ನು ಮಾಡುವ ಬಗೆಯನ್ನು ತಿಳಿಯಲು ಆಕ್ಸ್‌ಫರ್ಡಿನವರೆಗೆ ಹೋಗಬೇಕಾಗಿಯೂ ಇಲ್ಲ. 2002ರಿಂದ 2005ರವರೆಗೆ ಇದೇ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರೊಡಗೂಡಿ ಒಂದು ಪರೀಕ್ಷೆಯನ್ನು ನಡೆಸಿದರು. ಹೆರಿಗೆಯ ನಂತರದ ರಕ್ತಸ್ರಾವ ನಮ್ಮ ತಾಯಂದಿರ ಮರಣದ ದೊಡ್ಡ ಕಾರಣ. ಅದನ್ನು ತಡೆಯುವ ಸೂಜಿಮದ್ದನ್ನು ತಂಪಿನಲ್ಲಿಡಬೇಕು, ಚುಚ್ಚಬಲ್ಲವರು ಬೇಕು. ಅದರ ಬದಲಿಗೆ ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆಯನ್ನು ಊರಿನ ನರ್ಸಬಾಯಿಯೇ ಬಾಣಂತಿಗೆ ನುಂಗಿಸಿದರೆ ಸಾಕಾದೀತೇ ಎಂಬುದು ಪ್ರಶ್ನೆ. 1620 ಮಂದಿ ತಾಯಂದಿರು ಪಾಲ್ಗೊಂಡರು. ನೂರಕ್ಕೆ 12ರಷ್ಟಿದ್ದ ರಕ್ತಸ್ರಾವವು ಗುಳಿಗೆ ನುಂಗಿದವರಲ್ಲಿ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದನ್ನು ಪ್ರಕಟಿಸಿತು. ಆ ಗುಳಿಗೆ ಇಂದು ಅನೇಕ ಬಡದೇಶಗಳ ಬಾಣಂತಿಕೋಣೆಗಳನ್ನು ಹೊಕ್ಕಿದೆ. ಇಲ್ಲಿ ಎಣಿಕೆಯಿಲ್ಲವೆ? ಉಂಟು, ಮತ್ತು ಕಟ್ಟುನಿಟ್ಟಾದ ಎಣಿಕೆ. ನಾನು ಎಣಿಕೆಯ ವೈರಿಯಲ್ಲ. ಆದರೆ ಇಲ್ಲಿ ಎಣಿಸಿದ್ದು ಚಾಪೆಯ ಮೇಲೆ ಮಲಗಿದ್ದ ಹೆಣ್ಣುಮಕ್ಕಳನ್ನು. ಮೊತ್ತವಾದಿಯು ಇದೇ ಗುಳಿಗೆಯನ್ನು ತನ್ನ ತಕ್ಕಡಿಗೆ ಹಾಕಿದರೆ, ಉಳಿದ ತಾಯಿಯು ಇನ್ನೆಷ್ಟು ಹೆತ್ತಾಳು, ಅವರ ಸುಖವೆಷ್ಟು ಎಂಬುದನ್ನೂ ಬಟ್ಟಿಗೆ ಸೇರಿಸಬೇಕಾಗುತ್ತದೆ. ಅದೇ ತಾಯಿ ಮರುವರ್ಷ ನನಗಿನ್ನು ಸಾಕೆಂದು ವಂಕಿ ಹಾಕಿಸಿಕೊಂಡರೆ ಆ ನಷ್ಟವನ್ನೂ ಕಳೆಯಬೇಕಾಗುತ್ತದೆ. ಅವಳ ಪ್ರಾಣಕ್ಕೆ ಒಂದು ಬೆಲೆ, ಅವಳ ಗರ್ಭಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆ. ಇದನ್ನು ಕೇಳಿದರೆ ಅಷ್ಟಪುತ್ರವತಿಯಾಗೆಂದು ಹರಸಿದ ಪುರೋಹಿತನೂ ನಾಚಿಯಾನು.

ಮತ್ತು ನಮ್ಮ ಕಾಲ ಕೆಳಗಿನ ಮಾತು. ಭೀಮಗಡದ ಅಭಯಾರಣ್ಯದೊಳಗೆ ಗವಾಳಿ, ಪಾಸ್ತೋಳಿ, ಕೊಂಗಳ, ಆಮಗಾಂವ ಎಂಬ ಹಳ್ಳಿಗಳಿವೆ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ದಾರಿ ಮುಳುಗಿದಾಗ, ಅಲ್ಲಿಯ ಬೇನೆಯವರನ್ನು ಕಟ್ಟಿಗೆಗೆ ಕಟ್ಟಿದ ಜೋಲಿಯಲ್ಲಿ ಹೆಗಲ ಮೇಲೆ ಹೊತ್ತು ಮೈಲುಗಟ್ಟಲೆ ಕಾಡು ದಾಟಿಸುತ್ತಾರೆ. ಅವರನ್ನು ಕಾಡಿನಿಂದ ಹೊರಗೆ ನೆಲೆಗೊಳಿಸಬೇಕೆ, ಇದ್ದಲ್ಲಿಗೇ ದಾರಿ ಕೊಡಬೇಕೆ ಎಂಬ ಚರ್ಚೆ ಉಂಟು. ಹುಲಿಯ ಪಕ್ಷವೂ ನೀರಿನ ಪಕ್ಷವೂ ಹಗುರವಾದವಲ್ಲ. ಆದರೆ ಆ ಚರ್ಚೆಯಲ್ಲಿ ಎರಡು ಕಡೆಯೂ ಮುಖಗಳಿವೆ, ಮನೆಗಳಿವೆ, ಕೇಳಿದರೆ ಹೂಂ ಎನ್ನುವ ಊಹೂಂ ಎನ್ನುವ ಬಾಯಿಗಳಿವೆ. ನೂರು ಕೋಟಿ ಕೋಟಿ ಅಜಾತರ ಹೆಸರನ್ನು ತಕ್ಕಡಿಯ ಒಂದು ತಟ್ಟೆಗೆ ಹಾಕಿದ ಗಳಿಗೆಯಲ್ಲಿಯೇ ಜೋಲಿಯಲ್ಲಿ ಮಲಗಿದವಳ ತಟ್ಟೆ ಮೇಲಕ್ಕೆ ಹಾರುತ್ತದೆ. ಅವಳ ನೋವೆಷ್ಟೆಂದು ಆಮೇಲೆ ಯಾರೂ ಕೇಳಬೇಕಾಗಿಲ್ಲ. ಯಾವ ತಕ್ಕಡಿಯಲ್ಲಿ ಎದುರು ತಟ್ಟೆಗೆ ಏನು ಹಾಕಿದರೂ ಒಂದೇ ಫಲವೋ, ಅದನ್ನು ಸಂತೆಯಲ್ಲಿ ತಕ್ಕಡಿಯೆಂದು ಯಾರೂ ಕರೆಯುವುದಿಲ್ಲ.

ಹೊರಡುವ ದಿನ ಸಂಜೆ, ಇದನ್ನೆಲ್ಲ ಇಷ್ಟು ಒಪ್ಪವಾಗಿ ಅಲ್ಲದಿದ್ದರೂ, ಅವನಿಗೆ ಹೇಳಿದೆ. ಅವನು ಸುಮ್ಮನೆ ಕೇಳಿ, "ಹಂಗಾರ ಮಾಮಾ, ಯಾರಿಗೂ ನೋವಾಗದಂಗ ಮನುಷ್ಯಾರ ಸಂತಾನs ಮುಗದ ಹೋತು ಅಂತ ಇಟಗೋರಿ. ನಾಳೆ ಯಾರೂ ಬರಾಂಗಿಲ್ಲ ಅಂತ ಖಾತ್ರಿ ಆದ್ರ ನಿಮ್ಮ ಮಠದ ಅಡಿಗಿಯವಾ ಅಳಾಂಗಿಲ್ಲೇನು?" ಎಂದ. ಅಳುತ್ತಾನೆ ಎಂದೆ. ಒಲೆಯನ್ನು ಹಚ್ಚಿಕೊಟ್ಟು ಹೋದವರನ್ನು ನೆನೆದು ಅಳುತ್ತಾನೆ. ತಾನು ಕಲಿತ ಹದವನ್ನು ಇನ್ನು ಯಾರಿಗೂ ಕಲಿಸಲಾರೆನೆಂದು ಅಳುತ್ತಾನೆ. ಅದು ಇದ್ದವನ ದುಃಖ, ಇದ್ದವರಿಗಾಗಿ ಪಡುವ ದುಃಖ, ಮತ್ತು ಬಹಳ ದೊಡ್ಡದು. ಬಾರದ ಅತಿಥಿಗಳ ತಲೆಯೆಣಿಸಿ ಅಳುವುದಿಲ್ಲ. "ಅಳೂದಂತೂ ಖರೆ ಆತಲ್ಲ" ಎಂದು ಅವನು ನಕ್ಕು, ರಾಣಿ ಚೆನ್ನಮ್ಮ ಗಾಡಿಗೆ ಹೊತ್ತಾಯಿತೆಂದು ಚೀಲವನ್ನು ಹೆಗಲಿಗೇರಿಸಿದ. ಬಾಗಿಲಲ್ಲಿ ನಿಂತು, ಬಾಯಿಮಾತಿನಲ್ಲಿ ತಾನು ಸೋಲಲಾರೆನೆಂದೂ ಬರೆದು ಕಳಿಸಿದರೆ ಉತ್ತರ ಕೊಡುವೆನೆಂದೂ ಹೇಳಿದ. ಬರೆದಿದ್ದೇನೆ.